ನೂರು ಕೊಟ್ಟರೆ ನೂರೈವತ್ತು ಬರುತ್ತಂತೆ, ಅಳೆದವರು ಯಾರು?

ನಾನು ಬಾಡಿಗೆಗಿರುವುದು ಬಸವೇಶ್ವರನಗರದಲ್ಲಿ. ಅಲ್ಲಿಂದ ಇಳಿದು ನಡೆದರೆ ಹತ್ತು ನಿಮಿಷಕ್ಕೆ ಕಾಮಾಕ್ಷಿಪಾಳ್ಯದ ಶೆಡ್‌ಗಳು. ಅಲ್ಲೊಬ್ಬರು ಕುಣಿಗಲ್ ಕಡೆಯ ಅಣ್ಣ ಎರಡು ಲೇತು, ಒಂದು ಮಿಲ್ಲಿಂಗ್ ಮಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುತ್ತಾರೆ. ಭಾನುವಾರ ಮಷಿನ್ ನಿಂತಿರುತ್ತದೆ, ಟೀ ಕುಡಿಯಲು ನಾನೂ ಹೋಗಿರುತ್ತೇನೆ. ಮೊನ್ನೆ ಹೋದಾಗ ಮೊಬೈಲ್ ನನ್ನ ಮುಖಕ್ಕೆ ಹಿಡಿದರು.

"ಏನಪ್ಪಾ ಪೇಪರ್‌ನೋನೇ, ಇದು ನಿಜಾನಾ? ನೂರು ವ್ಯಾಟ್ ಒಳಗೆ ಕೊಟ್ರೆ ನೂರೈವತ್ತು ಹೊರಗೆ ಬರುತ್ತಂತೆ. ನನ್ ಬಿಲ್ ನೋಡಿದೀಯಲ್ಲ? ಇದೊಂದು ಬಂದ್ಬಿಟ್ರೆ ಮೀಟರ್ ಕಿತ್ತು ವಾಪಸ್ ಕೊಟ್ಬಿಡ್ತೀನಿ."

ಹೈದರಾಬಾದಿನ ಒಂದು ಕಂಪನಿಯ ಬಗ್ಗೆ ಯಾರೋ ಮಾಡಿದ್ದ ವಿಡಿಯೋ ಅದು. ಹಿನ್ನೆಲೆಯಲ್ಲಿ ಸಿನಿಮಾ ಸಂಗೀತ, ಮೇಲೆ ದೊಡ್ಡ ಅಕ್ಷರ, ಕೊನೆಗೆ ಭಾರತ ವಿಶ್ವಗುರು. ಎಷ್ಟೋ ಗ್ರೂಪು ಸುತ್ತಿ ಶೆಡ್‌ವರೆಗೂ ಬಂದಿತ್ತು. ಅಣ್ಣನಿಗೆ ಅವತ್ತು ನೆಟ್ಟಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಒಂದು ವಾರ ಕೂತು ಓದಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಉತ್ತರ ಅವರಿಗೆ ಎಷ್ಟು ಸೇರಬೇಕೋ ಅಷ್ಟೇ ನಮಗೂ ಸೇರಬೇಕು, ಅಂದರೆ ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿ, ಈಗ ಸುದ್ದಿ ಬರೆಯುವ ಕೆಲಸದಲ್ಲಿರುವವರಿಗೆ.

ಮೊದಲು ವಿಷಯ. ಕಂಪನಿಯ ಹೆಸರು ಹೈಲೆನರ್ ಟೆಕ್ನಾಲಜೀಸ್. ಅವರು ಮಾರುಕಟ್ಟೆಗೆ ತರಲು ಹೊರಟಿರುವುದು ಕೋಲ್ಡ್ ಫ್ಯೂಷನ್. ಈಗ ಆ ಕ್ಷೇತ್ರದವರು ಇದಕ್ಕೆ ಕಡಿಮೆ ಶಕ್ತಿಯ ನ್ಯೂಕ್ಲಿಯರ್ ಕ್ರಿಯೆ ಎನ್ನುತ್ತಾರೆ, ಚಿಕ್ಕದಾಗಿ ಎಲ್‌ಇಎನ್‌ಆರ್. 2024ರ ಜುಲೈನಲ್ಲಿ ಹೈದರಾಬಾದಿನಲ್ಲಿ ಒಂದು ಪ್ರದರ್ಶನ ಮಾಡಿದರು. ಒಳಗೆ ಕೊಟ್ಟ ವಿದ್ಯುತ್ತಿನ ಒಂದೂವರೆ ಪಟ್ಟು ಶಾಖ ಹೊರಗೆ ಬರುತ್ತದೆ ಎಂಬುದು ಅವರ ಹೇಳಿಕೆ. ಭಾರತ ಸರ್ಕಾರದ ಪೇಟೆಂಟ್ ಸಿಕ್ಕಿದೆ. 2025ರಲ್ಲಿ ಸುಮಾರು 30 ಲಕ್ಷ ಡಾಲರ್ ಬಂಡವಾಳ ಬಂದಿದೆ. ಕಂಪನಿಯ ಜೊತೆ ಇರುವ ದೊಡ್ಡ ಹೆಸರು ಡಾ. ಪ್ರಹ್ಲಾದ ರಾಮರಾವ್. ಆಕಾಶ್ ಕ್ಷಿಪಣಿ ಯೋಜನೆಯನ್ನು ಮುನ್ನಡೆಸಿದ ಡಿಆರ್‌ಡಿಒ ವಿಜ್ಞಾನಿ, 2015ರಲ್ಲಿ ಪದ್ಮಶ್ರೀ ಪಡೆದವರು. ಆಪರೇಷನ್ ಸಿಂಧೂರದ ಹೊತ್ತಿನಲ್ಲಿ ನಮ್ಮ ಟಿವಿಗಳೆಲ್ಲ ಅವರ ಮಾತನ್ನು ಹಾಕಿದ್ದವು.

ಈ ಕಂಪನಿ ಮೋಸ ಮಾಡುತ್ತಿದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನ್ನ ಬಳಿ ಆಧಾರವಿಲ್ಲ. ನನ್ನ ತಕರಾರು ಬೇರೆ. ಪೇಟೆಂಟು, ಪದ್ಮಶ್ರೀ, ಬಂಡವಾಳ ಈ ಮೂರನ್ನೂ ನಾವು ಸುದ್ದಿಯವರು ಪುರಾವೆ ಎಂದು ಬರೆದುಬಿಡುತ್ತೇವೆ. ಮೂರರಲ್ಲಿ ಒಂದೂ ಪುರಾವೆಯಲ್ಲ. ಆ ತಪ್ಪಿಗೆ ದುಡ್ಡು ತೆರುವವರು ಯಾರು ಎಂಬುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮೂರು ಪಾವಗಡ ತಾಲ್ಲೂಕಿನಲ್ಲಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎಂಬುದು ಲೆಕ್ಕ, ಅದರಲ್ಲಿ ಅರ್ಧ ಸರಿರಾತ್ರಿಯಲ್ಲಿ. ಟಾರ್ಚ್ ಹಿಡಿದು ಬೋರ್‌ವೆಲ್ ಹತ್ತಿರ ಹೋಗಿ ಹಾವು ತುಳಿದವರ ಕಥೆ ಪ್ರತಿ ಊರಲ್ಲೂ ಇದೆ. ನಮ್ಮ ಚಿಕ್ಕಪ್ಪನಿಗೆ ಒಂದು ದಿನ ಒಬ್ಬ ಏಜೆಂಟ್ ಸಿಕ್ಕಿದ. ಡೀಸೆಲ್ ಬೇಡ, ಬ್ಯಾಟರಿ ಬೇಡ, ಒಳಗೆ ಆಯಸ್ಕಾಂತ ಇದೆ, ಒಮ್ಮೆ ತಿರುಗಿಸಿದರೆ ತಾನೇ ಓಡುತ್ತದೆ ಎಂದ. ಚಿಕ್ಕಪ್ಪ ಏಳನೇ ಕ್ಲಾಸು ಓದಿದವರು, ದಡ್ಡರಲ್ಲ. "ಎತ್ತಿಗೆ ಮೇವು ಹಾಕ್ದೆ ನೇಗಿಲು ಎಳೆಯುತ್ತಾ?" ಎಂದೇ ಕೇಳಿದರಂತೆ. ಆಗ ಏಜೆಂಟ್ ಚೀಲದಿಂದ ಒಂದು ಪೇಪರ್ ಕಟಿಂಗ್ ತೆಗೆದ. ಲ್ಯಾಮಿನೇಷನ್ ಮಾಡಿಸಿದ್ದ. ಫೋಟೋ ಇತ್ತು, ಹೆಡ್ಡಿಂಗ್ ಇತ್ತು, 'ವಿದ್ಯುತ್ ಸಮಸ್ಯೆಗೆ ಪರಿಹಾರ' ಎಂದಿತ್ತು. ಚಿಕ್ಕಪ್ಪ ನಲವತ್ತು ಸಾವಿರ ಮುಂಗಡ ಕೊಟ್ಟರು. ಮಷಿನ್ ಬರಲಿಲ್ಲ, ಏಜೆಂಟೂ ಬರಲಿಲ್ಲ.

ಆಮೇಲೆ ಆ ಕಟಿಂಗ್ ನಾನೂ ಓದಿದೆ. ಯಾರೋ ಕೊಟ್ಟ ಪ್ರೆಸ್ ನೋಟು, ಒಂದಕ್ಷರ ಬದಲಾಗದೆ ಅಚ್ಚಾಗಿತ್ತು. ಅದನ್ನು ಟೈಪ್ ಮಾಡಿದವನ ಮೇಲೆ ಸಿಟ್ಟು ಬಂತು. ಎರಡು ವರ್ಷ ಕಳೆದ ಮೇಲೆ ನಾನೇ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಟ್ರೈನಿಯಾಗಿ ಕೂತೆ. ರಾತ್ರಿ ಒಂಬತ್ತೂವರೆಗೆ ಪೇಜ್ ಬಿಡಬೇಕು, ಎಂಟು ಸೆಂಟಿಮೀಟರ್ ಜಾಗ ಖಾಲಿ ಇದೆ, ಮೇಲ್‌ನಲ್ಲಿ ಪ್ರೆಸ್ ನೋಟು ಬಂದಿದೆ. ಏನು ಮಾಡಿದೆ ಎಂದು ನೀವು ಊಹಿಸಬಹುದು. ಅಂಥ ಎಷ್ಟು ನೋಟುಗಳನ್ನು ಅಚ್ಚಿಗೆ ಕಳಿಸಿದೆನೋ, ಅವುಗಳಲ್ಲಿ ಎಷ್ಟು ಲ್ಯಾಮಿನೇಷನ್ ಆದವೋ.

ಈಗ ಕೋಲ್ಡ್ ಫ್ಯೂಷನ್‌ಗೆ ಬರೋಣ. ಇದನ್ನು ಆಯಸ್ಕಾಂತದ ಜನರೇಟರ್ ಜೊತೆ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಇದರ ಹಿಂದೆ ನಿಜವಾದ ವಿಜ್ಞಾನಿಗಳಿದ್ದಾರೆ, ನಿಜವಾದ ಪ್ರಯೋಗಗಳಿವೆ.

ಸೂರ್ಯ ಉರಿಯುವುದು ಹೈಡ್ರೋಜನ್ ಬೀಜಗಳು ಒಂದಕ್ಕೊಂದು ಬೆಸೆದುಕೊಂಡು. ಆ ಬೀಜಗಳಿಗೆ ಧನ ವಿದ್ಯುದಂಶ ಇರುವುದರಿಂದ ಹತ್ತಿರ ತಂದರೆ ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟವನ್ನು ಮೀರಲು ಸೂರ್ಯನ ಒಡಲಲ್ಲಿ ಒಂದೂವರೆ ಕೋಟಿ ಡಿಗ್ರಿ ಶಾಖ, ಜೊತೆಗೆ ಅಗಾಧ ಒತ್ತಡ ಇದೆ. ಭೂಮಿಯ ಮೇಲೆ ಅದನ್ನು ಮಾಡಲು ಹೊರಟಿರುವ ಯಂತ್ರಗಳಿಗೆ ಹತ್ತು ಕೋಟಿ ಡಿಗ್ರಿಗಿಂತ ಹೆಚ್ಚು ಬೇಕು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಅಂಥದ್ದು, ಅದರಲ್ಲಿ ಭಾರತಕ್ಕೂ ಪಾಲಿದೆ.

1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೈಷ್‌ಮನ್, ಸ್ಟಾನ್ಲಿ ಪಾನ್ಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆದರು. ಗಾಜಿನ ಪಾತ್ರೆಯಲ್ಲಿ ಭಾರಜಲ, ಅದರಲ್ಲಿ ಪಲ್ಲಾಡಿಯಂ ಲೋಹದ ಕಡ್ಡಿ, ಅದಕ್ಕೆ ಕರೆಂಟು. ಇಷ್ಟೇ ಸಾಕು, ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬರುತ್ತಿದೆ, ಇದು ಸಮ್ಮಿಲನವೇ ಇರಬೇಕು ಎಂದರು. ಗಮನಿಸಿ, ಬೇರೆ ವಿಜ್ಞಾನಿಗಳು ಪ್ರಬಂಧ ಓದಿ ಪರೀಕ್ಷಿಸುವ ಮೊದಲೇ ಪತ್ರಿಕಾಗೋಷ್ಠಿ ನಡೆದಿತ್ತು. ಕೆಲವೇ ವಾರಗಳಲ್ಲಿ ಜಗತ್ತಿನ ನೂರಾರು ಪ್ರಯೋಗಾಲಯಗಳು ಅದನ್ನೇ ಮಾಡಲು ಹೊರಟವು. ಹೆಚ್ಚಿನವರಿಗೆ ಏನೂ ಸಿಗಲಿಲ್ಲ, ಕೆಲವರಿಗೆ ಏನೋ ಸಿಕ್ಕಿತು, ಸಿಕ್ಕವರಿಗೂ ಮತ್ತೊಮ್ಮೆ ಮಾಡಿದಾಗ ಸಿಗಲಿಲ್ಲ.

ಅನುಮಾನಕ್ಕೆ ದೊಡ್ಡ ಕಾರಣ ಶಾಖವಲ್ಲ, ನ್ಯೂಟ್ರಾನ್. ಭಾರಜಲದಲ್ಲಿರುವ ಡ್ಯೂಟೀರಿಯಂ ಬೀಜಗಳು ಬೆಸೆದುಕೊಂಡರೆ ಸರಿಸುಮಾರು ಅರ್ಧ ಸಲ ಒಂದು ನ್ಯೂಟ್ರಾನ್ ಹೊರಗೆ ಸಿಡಿಯಬೇಕು. ಒಂದು ವ್ಯಾಟ್ ಶಾಖಕ್ಕೆ ಸೆಕೆಂಡಿಗೆ ಸುಮಾರು ಲಕ್ಷ ಕೋಟಿ ನ್ಯೂಟ್ರಾನ್‌ಗಳ ಲೆಕ್ಕ. ಹೇಳಿದಷ್ಟು ಶಾಖ ಆ ದಾರಿಯಲ್ಲೇ ಬಂದಿದ್ದರೆ ಪಕ್ಕದಲ್ಲಿ ನಿಂತು ನೋಡಿದವರು ಬದುಕುತ್ತಿರಲಿಲ್ಲ. ಇದು ಬೇರೆ ಬಗೆಯ ಕ್ರಿಯೆ, ಲೋಹದ ಒಳಗೆ ನಿಯಮ ಬೇರೆ ಎಂಬುದು ಪ್ರತಿಪಾದಕರ ಉತ್ತರ. ಆ ಬೇರೆ ನಿಯಮ ಯಾವುದು ಎಂಬುದರಲ್ಲಿ ಅವರವರಲ್ಲೇ ಇವತ್ತಿಗೂ ಒಮ್ಮತ ಇಲ್ಲ.

ಈ ಕಥೆಯಲ್ಲಿ ಭಾರತ ಬರೀ ಪ್ರೇಕ್ಷಕನಾಗಿರಲಿಲ್ಲ. 1989ರಲ್ಲಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಪಿ.ಕೆ. ಅಯ್ಯಂಗಾರ್ ನಿರ್ದೇಶಕರು. ಅವರ ಪ್ರೋತ್ಸಾಹದಲ್ಲಿ ಹಲವು ತಂಡಗಳು ಬೇರೆ ಬೇರೆಯಾಗಿ ಪ್ರಯೋಗ ಮಾಡಿ, ನ್ಯೂಟ್ರಾನ್ ಮತ್ತು ಟ್ರಿಟಿಯಂ ಕಂಡೆವು ಎಂದು ವರದಿ ಕೊಟ್ಟವು. ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ಅಲ್ಲಿ ಆ ಕೆಲಸ ನಿಂತುಹೋಯಿತು. ಆ ತಂಡದಲ್ಲಿದ್ದ ಮಹದೇವ ಶ್ರೀನಿವಾಸನ್ ಮಾತ್ರ ನಿವೃತ್ತಿಯ ನಂತರವೂ ಬಿಡಲಿಲ್ಲ. 2008ರ ಜನವರಿಯಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಈ ವಿಷಯದ ಮೇಲೆ ಒಂದು ದಿನದ ಚರ್ಚೆ ನಡೆಯಿತು. 2011ರ ಫೆಬ್ರುವರಿಯಲ್ಲಿ ಚೆನ್ನೈಯಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವಾಯಿತು. 2015ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಶ್ರೀನಿವಾಸನ್ ಅವರನ್ನೂ ಅತಿಥಿ ಸಂಪಾದಕರನ್ನಾಗಿ ಇಟ್ಟುಕೊಂಡು ಇದಕ್ಕೇ ಒಂದು ವಿಶೇಷ ವಿಭಾಗ ತಂದಿತು.

ಹಾಗಾಗಿ ಇದನ್ನು ನಗೆಚಾಟಿಕೆ ಮಾಡಿ ಮುಗಿಸುವುದು ಸುಲಭವಲ್ಲ, ಸರಿಯೂ ಅಲ್ಲ. ಹುಡುಕುವುದು ವಿಜ್ಞಾನಿಯ ಹಕ್ಕು. ಆದರೆ ಹುಡುಕಾಟ ಕಂಪನಿಯಾಗಿ ಬದಲಾದ ದಿನ ಪ್ರಶ್ನೆಯೂ ಬದಲಾಗುತ್ತದೆ. ವಿಜ್ಞಾನಿ 'ನನಗೇನೋ ಕಾಣುತ್ತಿದೆ, ನೀವೂ ನೋಡಿ' ಎನ್ನುತ್ತಾನೆ. ಕಂಪನಿ 'ನನ್ನ ಹತ್ತಿರ ಇದೆ, ದುಡ್ಡು ಹಾಕಿ' ಎನ್ನುತ್ತದೆ.

ಹಾಗೆ ದುಡ್ಡು ಹಾಕಿದವರ ಅನುಭವ ಏನು? 1989ರಲ್ಲಿ ಯೂಟಾ ರಾಜ್ಯ ಸರ್ಕಾರ 50 ಲಕ್ಷ ಡಾಲರ್ ಕೊಟ್ಟು ರಾಷ್ಟ್ರೀಯ ಕೋಲ್ಡ್ ಫ್ಯೂಷನ್ ಸಂಸ್ಥೆಯನ್ನೇ ತೆರೆಯಿತು. 1991ರ ಜೂನ್‌ನಲ್ಲಿ ಅದಕ್ಕೆ ಬೀಗ ಬಿತ್ತು. ಆ ಇಬ್ಬರು ವಿಜ್ಞಾನಿಗಳು ಫ್ರಾನ್ಸಿಗೆ ಹೋದರು, ಟೊಯೊಟಾ ಬಳಗದ ಹಣದಿಂದ ಅಲ್ಲೊಂದು ಪ್ರಯೋಗಾಲಯ ನಡೆಯಿತು, 1998ರಲ್ಲಿ ಅದೂ ಮುಚ್ಚಿತು. ಬಿಡದಿಯಲ್ಲಿ ಕಾರು ಮಾಡುವ ಟೊಯೊಟಾ ದುಡ್ಡು ಪೋಲು ಮಾಡುವ ಮನೆತನವಲ್ಲ. ಕೈ ಹಾಕಿದ್ದೂ ನಿಜ, ಕೈ ತೆಗೆದದ್ದೂ ನಿಜ.

ಇನ್ನೊಂದು ಕಥೆ ಇಟಲಿಯ ಆಂಡ್ರಿಯಾ ರೊಸ್ಸಿಯದು. 2011ರ ಜನವರಿಯಲ್ಲಿ ಬೊಲೊನ್ಯಾದಲ್ಲಿ ಇ-ಕ್ಯಾಟ್ ಎಂಬ ಯಂತ್ರ ತೋರಿಸಿದ. ನಿಕ್ಕಲ್ ಪುಡಿ, ಹೈಡ್ರೋಜನ್, ಹಲವು ಪಟ್ಟು ಶಾಖ. ಅಮೆರಿಕದ ಇಂಡಸ್ಟ್ರಿಯಲ್ ಹೀಟ್ ಎಂಬ ಕಂಪನಿ 1.15 ಕೋಟಿ ಡಾಲರ್ ಕೊಟ್ಟಿತು. ಒಂದು ಮೆಗಾವ್ಯಾಟ್ ಯಂತ್ರವನ್ನು ಫ್ಲೋರಿಡಾದಲ್ಲಿ ಒಂದು ವರ್ಷ ಓಡಿಸಿದ್ದೇನೆ, ಬಾಕಿ 8.9 ಕೋಟಿ ಡಾಲರ್ ಕೊಡಿ ಎಂದು ರೊಸ್ಸಿ 2016ರಲ್ಲಿ ಕೋರ್ಟಿಗೆ ಹೋದ. ಯಂತ್ರ ಹೇಳಿದಂತೆ ಕೆಲಸ ಮಾಡಲಿಲ್ಲ, ಅಳತೆಯೇ ಸರಿಯಿಲ್ಲ ಎಂದು ಕಂಪನಿ ವಾದಿಸಿತು. 2017ರ ಜುಲೈನಲ್ಲಿ ರಾಜಿಯಾಯಿತು. ಬಾಕಿ ಹಣ ರೊಸ್ಸಿಗೆ ಸಿಗಲಿಲ್ಲ, ಕೊಟ್ಟ ಹಣ ಕಂಪನಿಗೆ ವಾಪಸಾಗಲಿಲ್ಲ. ಇಡೀ ಜಗಳ ಬಂದು ನಿಂತದ್ದು ಅಳೆದವರು ಯಾರು, ಹೇಗೆ ಅಳೆದರು ಎಂಬಲ್ಲಿ.

ಗೂಗಲ್ ಬೇರೆ ದಾರಿ ಹಿಡಿಯಿತು. 2015ರಿಂದ ಸುಮಾರು ಮೂವತ್ತು ವಿಜ್ಞಾನಿಗಳಿಗೆ ಒಂದು ಕೋಟಿ ಡಾಲರ್ ಕೊಟ್ಟು, ಹಳೆಯ ಪ್ರಯೋಗಗಳನ್ನು ಸದ್ದಿಲ್ಲದೆ ಮತ್ತೆ ಮಾಡಿಸಿತು. 2019ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಕೋಲ್ಡ್ ಫ್ಯೂಷನ್‌ಗೆ ಪುರಾವೆ ಸಿಗಲಿಲ್ಲ ಎಂದು ನೇರವಾಗಿ ಬರೆದಿದ್ದರು. ಆ ತಂಡದಲ್ಲಿದ್ದ ಕೆನಡಾದ ಕರ್ಟಿಸ್ ಬರ್ಲಿಂಗೆಟ್ ಅವರ ಗುಂಪು ಅಲ್ಲಿಗೇ ನಿಲ್ಲಿಸಲಿಲ್ಲ. 2025ರ ಆಗಸ್ಟ್‌ನಲ್ಲಿ ಅದೇ 'ನೇಚರ್'ನಲ್ಲಿ ಇನ್ನೊಂದು ಪ್ರಬಂಧ ಪ್ರಕಟಿಸಿತು. ಪಲ್ಲಾಡಿಯಂ ಲೋಹದ ಒಂದು ಬದಿಗೆ ಡ್ಯೂಟೀರಿಯಂ ಕಣಗಳನ್ನು ಹೊಡೆಯುತ್ತ, ಇನ್ನೊಂದು ಬದಿಯಿಂದ ವಿದ್ಯುತ್ ರಾಸಾಯನಿಕ ವಿಧಾನದಲ್ಲಿ ಡ್ಯೂಟೀರಿಯಂ ತುಂಬಿದರೆ ಸಮ್ಮಿಲನದ ದರ ಸರಾಸರಿ ಶೇ 15ರಷ್ಟು ಏರುತ್ತದೆ. ಒಳಗೆ ಹೋದದ್ದು 15 ವ್ಯಾಟ್, ಹೊರಗೆ ಬಂದದ್ದು ಒಂದು ವ್ಯಾಟಿನ ನೂರು ಕೋಟಿಯಲ್ಲಿ ಒಂದು ಪಾಲು. ಅವರೇ ಅಳೆದರು, ಬೇರೆಯವರು ಅಳೆಯುವಂತೆ ವಿಧಾನ ಬರೆದಿಟ್ಟರು, ಇದರಿಂದ ವಿದ್ಯುತ್ ಸಿಗುವುದಿಲ್ಲ ಎಂದೂ ತಾವೇ ಹೇಳಿದರು. ಇದರ ಮೇಲೆ ಯಾರೂ ಹಿನ್ನೆಲೆ ಸಂಗೀತ ಹಾಕಿ ವಿಡಿಯೋ ಮಾಡಿದ್ದನ್ನು ನಾನು ನೋಡಿಲ್ಲ.

ಈಗ ಅಣ್ಣನ ನೂರು ಮತ್ತು ನೂರೈವತ್ತು.

ಹೇಳಿಕೆ ಪೂರ್ತಿ ನಿಜ ಎಂದೇ ಇಟ್ಟುಕೊಳ್ಳಿ. ಮೀಟರ್ ಕಿತ್ತು ಕೊಡಬಹುದೇ? ಆಗುವುದಿಲ್ಲ. ಒಳಗೆ ಹೋದದ್ದು ವಿದ್ಯುತ್, ಹೊರಗೆ ಬಂದದ್ದು ಶಾಖ. ಎರಡೂ ವ್ಯಾಟಿನಲ್ಲೇ ಅಳೆದರೂ ಬೆಲೆ ಒಂದೇ ಅಲ್ಲ. ಶಾಖದಿಂದ ಮತ್ತೆ ವಿದ್ಯುತ್ ಮಾಡಲು ಹೋದರೆ ಹೆಚ್ಚಿನ ಪಾಲು ಗಾಳಿಗೆ ಹೋಗುತ್ತದೆ. ರಾಯಚೂರಿನಂಥ ದೊಡ್ಡ ಥರ್ಮಲ್ ಸ್ಥಾವರದಲ್ಲೇ ಕಲ್ಲಿದ್ದಲಿನ ಶಾಖದ ಮೂರನೇ ಒಂದು ಪಾಲು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಮೇಲೆ, ವಿದ್ಯುತ್ ಆಗುತ್ತದೆ. ಆ ಲೆಕ್ಕದಲ್ಲಿ 150 ವ್ಯಾಟ್ ಶಾಖದಿಂದ ಸಿಗುವುದು 50 ವ್ಯಾಟ್ ವಿದ್ಯುತ್. ಕೊಟ್ಟದ್ದು ನೂರು. ಯಂತ್ರ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಾದರೆ ಒಂದೂವರೆ ಪಟ್ಟು ಸಾಲದು, ಮೂರು ಪಟ್ಟಿಗೂ ಹೆಚ್ಚು ಬೇಕು.

ಬರೀ ನೀರು ಕಾಯಿಸಲು ಬಳಸಿದರೋ? ದೊಡ್ಡ ಹೋಟೆಲ್, ಹಾಸ್ಟೆಲ್‌ಗಳಲ್ಲಿ ಈಗಾಗಲೇ ಹೀಟ್ ಪಂಪ್‌ಗಳಿವೆ. ಅವು ಹೊರಗಿನ ಗಾಳಿಯ ಶಾಖವನ್ನು ಎಳೆದು ತಂದು ನೀರಿಗೆ ಕೊಡುತ್ತವೆ, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ರಾಜಾಜಿನಗರದ ತಾರಸಿಗಳ ಮೇಲಿರುವ ಸೋಲಾರ್ ಹೀಟರ್‌ಗೆ ವಿದ್ಯುತ್ತೇ ಬೇಡ. ಅಂದರೆ ಅಣ್ಣನ ಬಿಲ್ಲಿಗೆ ಒಂದೂವರೆ ಪಟ್ಟಿನಿಂದ ಆಗುವ ಉಪಕಾರ ಏನೂ ಇಲ್ಲ. ಎಲ್ಲಿಂದಲೂ ಶಾಖ ಎಳೆದು ತರದೆ ನಿಜವಾಗಿಯೂ ಒಂದೂವರೆ ಪಟ್ಟು ಬಂದರೆ ಅದು ಭೌತಶಾಸ್ತ್ರದ ಪುಸ್ತಕ ತಿದ್ದುವಂಥ ಸಂಗತಿ. ಅಷ್ಟು ದೊಡ್ಡ ಸಂಗತಿ ಆದ್ದರಿಂದಲೇ ಅಳತೆಯಲ್ಲಿ ರಿಯಾಯಿತಿ ಕೊಡಬಾರದು.

ಅಳೆಯುವುದು ಕಷ್ಟವೇ? ಲೆಕ್ಕ ಹಾಕಿ ನೋಡಿ. ಹತ್ತು ಲೀಟರ್ ನೀರಿಗೆ 100 ವ್ಯಾಟ್ ಶಾಖವನ್ನು ಒಂದು ಗಂಟೆ ಕೊಟ್ಟರೆ, ಹೊರಗೆ ಸೋರದಿದ್ದರೆ, ನೀರು ಸುಮಾರು ಎಂಟೂವರೆ ಡಿಗ್ರಿ ಬಿಸಿಯಾಗುತ್ತದೆ. 150 ವ್ಯಾಟ್ ಕೊಟ್ಟರೆ ಹದಿಮೂರು ಡಿಗ್ರಿ. ನಡುವಿನ ನಾಲ್ಕೂವರೆ ಡಿಗ್ರಿ ವ್ಯತ್ಯಾಸ ತೋರಿಸಲು ಕೋಟಿ ರೂಪಾಯಿ ಸಲಕರಣೆ ಬೇಡ. ಒಳ್ಳೆಯ ಥರ್ಮಾಸ್ ಪಾತ್ರೆ, ಒಳ್ಳೆಯ ಥರ್ಮಾಮೀಟರ್ ಸಾಕು.

ಮೋಸ ಹೋಗುವ ಜಾಗಗಳು ಬೇರೆ ಎರಡಿವೆ. ಮೊದಲನೆಯದು ಒಳಗೆ ಹೋಗುವ ಕರೆಂಟಿನ ಅಳತೆ. ಇದನ್ನು ವಿವರಿಸಲು ಹೊರಟಾಗ ಅಣ್ಣ ನನ್ನನ್ನೇ ತಡೆದರು. "ಪವರ್ ಫ್ಯಾಕ್ಟರ್ ವಿಷ್ಯ ನನ್ಗೇ ಹೇಳ್ತೀಯಾ? ಕೆಪಾಸಿಟರ್ ಕೆಟ್ಟು ದಂಡ ಕಟ್ಟಿದೀನಿ ಕಣಯ್ಯಾ." ನಿಜ, ಮೋಟಾರ್ ಓಡಿಸುವ ಪ್ರತಿ ಶೆಡ್‌ನವರಿಗೂ ಇದು ಗೊತ್ತು. ವೋಲ್ಟ್ ಒಂದು ಮೀಟರಿನಲ್ಲಿ, ಆಂಪಿಯರ್ ಇನ್ನೊಂದರಲ್ಲಿ ನೋಡಿ ಗುಣಿಸಿದರೆ ನಿಜವಾದ ವ್ಯಾಟ್ ಸಿಗುವುದಿಲ್ಲ. ಕರೆಂಟು ಬಿಟ್ಟು ಬಿಟ್ಟು, ತುಂಡು ತುಂಡಾಗಿ ಹೋಗುವ ಯಂತ್ರವಾದರೆ ಸಾದಾ ಮೀಟರ್ ಇನ್ನೂ ತಪ್ಪು ತೋರಿಸಬಹುದು. ಒಳಗಿನ ಅಳತೆ ಕಡಿಮೆಯಾದರೆ ಹೊರಗಿನದ್ದು ತಾನಾಗಿಯೇ ಹೆಚ್ಚು ಕಾಣುತ್ತದೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಎರಡನೆಯದು ಸಮಯ. ಲೋಹಕ್ಕೆ ಹೈಡ್ರೋಜನ್ ಹೀರಿಸಿದರೆ ಅದರಿಂದಲೇ ಒಂದಷ್ಟು ಶಾಖ ಬರುತ್ತದೆ, ಅದು ಬರೀ ರಸಾಯನಶಾಸ್ತ್ರ. ಒಂದು ಗಂಟೆಯ ಪ್ರದರ್ಶನದಲ್ಲಿ ಅದನ್ನೂ ಇದನ್ನೂ ಬೇರೆ ಮಾಡುವುದು ಕಷ್ಟ. ಒಂದು ವರ್ಷ ಓಡಿಸಿದರೆ ಸುಲಭ. 50 ವ್ಯಾಟ್ ಹೆಚ್ಚುವರಿ ಶಾಖ ವರ್ಷವಿಡೀ ಬಂದರೆ 438 ಯೂನಿಟ್. 45 ಲೀಟರಿಗೂ ಹೆಚ್ಚು ಪೆಟ್ರೋಲ್ ಉರಿಸಿದಷ್ಟು. ಕೈಯಲ್ಲಿ ಹಿಡಿಯುವಷ್ಟು ಲೋಹ, ಚಿಟಿಕೆಯಷ್ಟು ಹೈಡ್ರೋಜನ್ ಅಷ್ಟು ಶಾಖ ಕೊಟ್ಟರೆ ಅದು ರಸಾಯನಶಾಸ್ತ್ರ ಅಲ್ಲವೇ ಅಲ್ಲ ಎಂದು ಯಾರು ಬೇಕಾದರೂ ಒಪ್ಪುತ್ತಾರೆ.

ಓಡಿಸಿ ತೋರಿಸುವುದು ಅಂದರೇನು ಎಂದು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕಾರವಾರದ ಹತ್ತಿರ ಕೈಗಾ ಸ್ಥಾವರದ ಮೊದಲನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದು ಸಲವೂ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಕೈಗಾ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಆ ಮಾತು ಇನ್ನೊಮ್ಮೆ. ಆದರೆ ಅದು ವಿದ್ಯುತ್ ಕೊಡುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕಿನದ್ದೂ ಅಷ್ಟೇ. 13,000 ಎಕರೆ, 2,050 ಮೆಗಾವ್ಯಾಟ್. ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ಜಮೀನು ಕೊಟ್ಟರು. ಲಾಭ ಯಾರಿಗೆ, ಕೂಲಿಯವರ ಗತಿ ಏನು ಎಂಬ ಜಗಳ ಇವತ್ತೂ ಇದೆ. ಪ್ಯಾನಲ್‌ಗೆ ಬಿಸಿಲು ಬಿದ್ದರೆ ಕರೆಂಟ್ ಬರುತ್ತದೋ ಇಲ್ಲವೋ ಎಂಬ ಜಗಳ ಇಲ್ಲ.

ಹಾಗಾದರೆ ಪೇಟೆಂಟ್? ಪೇಟೆಂಟ್ ಕಚೇರಿಯವರು ಅರ್ಜಿ ಓದುತ್ತಾರೆ. ಇದು ಹೊಸದೇ, ಬೇರೆ ಯಾರೂ ಹೇಳಿಲ್ಲವೇ, ವಿವರಣೆ ಸಾಕಷ್ಟಿದೆಯೇ ಎಂದು ನೋಡುತ್ತಾರೆ. ಯಂತ್ರವನ್ನು ಕಚೇರಿಗೆ ತರಿಸಿ ವರ್ಷಗಟ್ಟಲೆ ಓಡಿಸಿ ನೋಡುವುದಿಲ್ಲ. ಪೇಟೆಂಟ್ ಎಂದರೆ 'ಇದು ನಿನ್ನದು' ಎಂಬ ಖಾತೆ. ಜಮೀನಿನ ಖಾತೆ ಇದ್ದ ಮಾತ್ರಕ್ಕೆ ಬೋರ್‌ವೆಲ್‌ನಲ್ಲಿ ನೀರಿದೆ ಎಂದಲ್ಲ. ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪದ್ಮಶ್ರೀ ಪಡೆದ ವಿಜ್ಞಾನಿ ಇದ್ದಾರಲ್ಲ? ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಆಕಾಶ್ ಕ್ಷಿಪಣಿಯನ್ನು ಸೇನೆ ಒಪ್ಪಿಕೊಂಡದ್ದು ಮಾಡಿದವರ ಹೆಸರು ನೋಡಿ ಅಲ್ಲ. ವರ್ಷಗಟ್ಟಲೆ ಪರೀಕ್ಷೆ ನಡೆಯಿತು, ಹೊಡೆದು ತೋರಿಸಿದ ಮೇಲೆ ಸೇನೆ ತೆಗೆದುಕೊಂಡಿತು. ಅದೇ ಪರೀಕ್ಷೆ ಇಲ್ಲಿಯೂ ಇರಲಿ ಎಂದು ಕೇಳಿದರೆ ಅವರಿಗೆ ಅಗೌರವ ಆಗುವುದಿಲ್ಲ. ಬಂಡವಾಳದ ಮಾತು ಬಿಡಿ. ಹೂಡಿಕೆದಾರರು ಹತ್ತು ಕಡೆ ಹಾಕುತ್ತಾರೆ, ಒಂದು ಗೆದ್ದರೆ ಸಾಕು ಎಂಬ ಲೆಕ್ಕ ಅವರದು. ನಮ್ಮ ಚಿಕ್ಕಪ್ಪನಂಥವರು ಹಾಕುವುದು ಒಂದೇ ಕಡೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನಮ್ಮ ಬ್ಯಾಚಿನ ಗೆಳೆಯನೇ ಫೋನಿನಲ್ಲಿ ಹೇಳಿದ. "ನಮ್ಮೋರು ಏನಾದ್ರೂ ಹೊಸದು ಮಾಡೋಕೆ ಹೊರಟ್ರೆ ಕಾಲೆಳೆಯೋದೇ ಆಯ್ತಲ್ಲೋ. ಹೊರಗಿನವರು ಕಂಡುಹಿಡಿದ ಮೇಲೆ ನಾವು ದುಡ್ಡು ಕೊಟ್ಟು ತರಿಸ್ಕೋಬೇಕಾ? ಗುಟ್ಟೆಲ್ಲ ಬಿಟ್ಟುಕೊಟ್ರೆ ಕಂಪನಿ ಉಳಿಯುತ್ತಾ?" ಮಾತಿನಲ್ಲಿ ಹುರುಳಿದೆ. ಹೊಸ ಪ್ರಯತ್ನಕ್ಕೆ ದುಡ್ಡು ಬೇಕು, ತಾಳ್ಮೆ ಬೇಕು, ಸೋಲುವ ಅವಕಾಶವೂ ಬೇಕು. ಆದರೆ ಅಳೆಯಲು ಗುಟ್ಟು ಬಿಟ್ಟುಕೊಡಬೇಕಾಗಿಲ್ಲ. ಪೆಟ್ಟಿಗೆ ಮುಚ್ಚಿಯೇ ಇರಲಿ, ಒಳಗೆ ಏನಿದೆ ಎಂದು ಯಾರೂ ಕೇಳುವುದು ಬೇಡ. ಒಳಗೆ ಹೋಗುವ ವೈರಿಗೆ ಅವರದಲ್ಲದ ಮೀಟರ್, ಹೊರಗೆ ಬರುವ ಶಾಖಕ್ಕೆ ಅವರದಲ್ಲದ ನೀರು, ಅಳೆಯಲು ಅವರ ಸಂಬಳ ತಿನ್ನದ ಜನ. ಭಾರತೀಯ ವಿಜ್ಞಾನ ಸಂಸ್ಥೆ ಇದೇ ಬೆಂಗಳೂರಿನಲ್ಲಿದೆ. ನಿಜವಾಗಿಯೂ ಒಂದೂವರೆ ಪಟ್ಟು ಬರುತ್ತಿದ್ದರೆ ಆ ಒಂದು ವರದಿಯಿಂದ ಕಂಪನಿಗೆ ಸಿಗುವ ಲಾಭಕ್ಕೆ ಯಾವ ವಿಡಿಯೋವೂ ಸಾಟಿಯಲ್ಲ.

ಅದಕ್ಕೇ ನಮ್ಮವರಲ್ಲಿ ನನ್ನ ವಿನಂತಿ. ಶಕ್ತಿಯ ಬಗ್ಗೆ ಇಂಥ ಸುದ್ದಿ ನಿಮ್ಮ ಡೆಸ್ಕಿಗೆ ಬಂದಾಗ, ಅದು ಹೈದರಾಬಾದಿನದಿರಲಿ, ಪೀಣ್ಯದ್ದಿರಲಿ, ನಿಮ್ಮೂರ ಹೈಸ್ಕೂಲ್ ಮೇಷ್ಟ್ರದ್ದೇ ಇರಲಿ, ಫೋನ್ ಎತ್ತಿ ನಾಲ್ಕು ಪ್ರಶ್ನೆ ಕೇಳಿ. ಒಳಗೆ ಹೋದದ್ದನ್ನು ಯಾವ ಮೀಟರಿನಲ್ಲಿ ಅಳೆದಿರಿ? ಹೊರಗೆ ಬಂದದ್ದು ಶಾಖವೋ ವಿದ್ಯುತ್ತೋ? ಎಷ್ಟು ದಿನ ನಿಲ್ಲದೆ ಓಡಿತು? ನಿಮ್ಮವರಲ್ಲದವರು ಯಾರು ಅಳೆದರು? ಉತ್ತರ ಸಿಕ್ಕರೆ ಬರೆಯಿರಿ, ಸಿಗದಿದ್ದರೆ 'ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ' ಎಂದು ಬರೆಯಿರಿ. ಆ ಒಂದು ಸಾಲು ಇದ್ದರೆ ಕಟಿಂಗಿಗೆ ಯಾರೂ ಲ್ಯಾಮಿನೇಷನ್ ಮಾಡಿಸುವುದಿಲ್ಲ. ಹೆಡ್ಡಿಂಗಿನಲ್ಲಿ 'ಸಾಧನೆ' ಎಂದು ಹಾಕುವ ಬದಲು 'ಹೇಳಿಕೆ' ಎಂದು ಹಾಕಿದರೆ ಅಕ್ಷರವೂ ಹೆಚ್ಚಾಗುವುದಿಲ್ಲ.

ಈ ಭಾನುವಾರ ಮತ್ತೆ ಶೆಡ್‌ಗೆ ಹೋಗಿ ಇದನ್ನೆಲ್ಲ ಹೇಳಿದೆ. ಅಣ್ಣ ಕೇಳಿಸಿಕೊಂಡರು. ಮೂಲೆಯಲ್ಲಿ ಸೋಮವಾರ ಕಳಿಸಬೇಕಾದ ಬುಶ್‌ಗಳ ಟ್ರೇ ಇತ್ತು. ಒಂದನ್ನು ಎತ್ತಿ ತೋರಿಸಿದರು.

"ನೋಡು, ಇದನ್ನ ನಾನೇ ತಿರುಗಿಸಿದ್ದು, ನಾನೇ ಮೈಕ್ರೋಮೀಟರ್ ಹಿಡಿದು ನೋಡಿದ್ದು. ಕರೆಕ್ಟಾಗೇ ಇದೆ. ಆದ್ರೂ ನಾಳೆ ಕಂಪನಿಯೋರು ಅವರ ಗೇಜ್ ಹಾಕೇ ಒಳಗೆ ತಗೊಳ್ಳೋದು. ಒಂದು ಕೂದಲಷ್ಟು ಹೆಚ್ಚುಕಮ್ಮಿ ಆದ್ರೂ ವಾಪಸ್. ಮೂವತ್ತು ವರ್ಷದಿಂದ ಕೊಡ್ತಿದೀನಿ, ಒಂದ್ ದಿನಾನೂ ನಿಮ್ ಮಾತೇ ಸಾಕು ಅಂದಿಲ್ಲ. ನಂಗೂ ಬೇಜಾರಾಗಿಲ್ಲ."

ಐವತ್ತು ರೂಪಾಯಿಯ ಬುಶ್‌ಗೆ ಇರುವ ಈ ನಿಯಮ, ಜಗತ್ತಿನ ಶಕ್ತಿ ಸಮಸ್ಯೆ ಬಗೆಹರಿಸುವ ಯಂತ್ರಕ್ಕೂ ಇರಲಿ. ನಾನು ಕೇಳುತ್ತಿರುವುದು ಇಷ್ಟೇ.